ಐದು ಬೋರ್ಡು, ಒಂದು ಅಡುಗೆಮನೆ

ಗ್ರಾನಾದಾ ಊರಿನ ಅರಮನೆ ಗುಡ್ಡಕ್ಕೆ ಹತ್ತುವ ಬೀದಿಯಲ್ಲಿ ಐದು ಗಿಟಾರು ಅಂಗಡಿಗಳಿದ್ದವು. ಐದಕ್ಕೂ ಒಂದೊಂದು ಬೋರ್ಡು, ಐದು ಬೋರ್ಡುಗಳೂ ಸುಳ್ಳು ಹೇಳುತ್ತಿದ್ದವು. ಪೂರಾ ಸುಳ್ಳೇನಲ್ಲ. ಗಿಟಾರನ್ನು ಆ ಮೇಸ್ತ್ರಿಗಳೇ ಮಾಡುತ್ತಿದ್ದರು, ಚೆನ್ನಾಗಿಯೇ ಮಾಡುತ್ತಿದ್ದರು. ಇಂಡಿಯಾದಿಂದ ಹಡಗಿನಲ್ಲಿ ಬಂದ ಬೀಟೆ ಹಲಗೆಯನ್ನು ಬೆರಳಲ್ಲಿ ತಟ್ಟಿ, ಕಿವಿಗೊಟ್ಟು, ಇದು ಹಾಡುತ್ತೆ, ಇದು ಹಾಡಲ್ಲ ಎಂದು ಹೇಳಬಲ್ಲವರು. ಸುಳ್ಳಿದ್ದದ್ದು ಗಿಟಾರಿನ ಬಾಯಿಯ ಸುತ್ತ. ನಾದ ಹೊರಬರುವ ಆ ದುಂಡನೆಯ ಬಾಯಿಗೆ ಬಳೆ ತೊಡಿಸಿದ ಹಾಗೆ ಒಂದು ಚಿತ್ತಾರ ಕೂರಿಸುತ್ತಾರೆ. ಬಣ್ಣಬಣ್ಣದ ಮರದ ಚುಕ್ಕೆಗಳದ್ದು, ಒಂದೊಂದು ಚುಕ್ಕೆಯೂ ಸಾಸಿವೆಕಾಳಿನಷ್ಟೇ. ಒಬ್ಬೊಬ್ಬ ಮೇಸ್ತ್ರಿಗೂ ಅವನದೇ ಒಂದು ಬಳೆ. ಬಳೆ ನೋಡಿದರೆ ಸಾಕು, ಒಳಗೆ ಅಂಟಿಸಿದ ಚೀಟಿ ಓದದೆಯೇ ಇದು ಇಂಥವರ ಗಿಟಾರು ಎಂದು ಬಲ್ಲವರು ಹೇಳಿಬಿಡುತ್ತಿದ್ದರು. ನಮ್ಮ ತಾತನ ಕಾಲದ ಬಳೆ, ಇದರ ಗುಟ್ಟು ಮನೆ ಬಿಟ್ಟು ಹೊರಗೆ ಹೋಗಿಲ್ಲ ಎಂದು ಐದು ಬೋರ್ಡುಗಳೂ ಒಂದಲ್ಲ ಒಂದು ಮಾತಿನಲ್ಲಿ ಸಾರುತ್ತಿದ್ದವು.

ಆ ಐದು ಅಂಗಡಿಗಳ ಐದು ಗುಟ್ಟುಗಳೂ ಕೆಳಗಿನ ರೆಯಾಲೆಹೊ ಕೇರಿಯಲ್ಲಿ, ಎರಡನೇ ಮಹಡಿಯ ಒಂದು ಅಡುಗೆಮನೆಯಲ್ಲಿ, ಅಂಗುಸ್ತಿಯಾಸ್ ಮೆಹಿಯಾಸ್ ಎಂಬ ಐವತ್ತೆಂಟರ ಹೆಂಗಸಿನ ಕೈಯಲ್ಲಿ ತಯಾರಾಗುತ್ತಿದ್ದವು.

ಅಂಗುಸ್ತಿಯಾಸ್ ಗಿಡ್ಡ ಆಳು. ಬೇಸಿಗೆಯಲ್ಲೂ ಬಿಚ್ಚದ ಕಪ್ಪು ಸ್ವೆಟರು, ಮೂಗಿನ ತುದಿಗೆ ಜಾರಿದ ಕನ್ನಡಕ, ಎದುರಿಗಿದ್ದವರ ಮೈಮೇಲಿನ ಧೂಳು ಕೊಡವುವಂಥ ನಾಲಿಗೆ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಐದು ಗಂಡಸರ ಕೆಲ್ಸ ಮಾಡಿ ಮಾಡಿ ಸಾಕಾಗಿದೆ, ಆರನೆಯವನನ್ನ ತಂದು ಎಲ್ಲಿ ಕೂರಿಸ್ಲಿ?" ಎನ್ನುತ್ತಿದ್ದಳು. ಅಡುಗೆಮನೆಯ ಮೇಜಿನ ಅರ್ಧ ಭಾಗದಲ್ಲಿ ಬೆಳ್ಳುಳ್ಳಿ, ಬ್ರೆಡ್ಡು, ಎಣ್ಣೆ ಸೀಸೆ. ಇನ್ನರ್ಧದಲ್ಲಿ ಮರದ ಕಡ್ಡಿಗಳು, ಹಸಿರು, ಕೆಂಪು, ಕಪ್ಪು, ಬಿಳಿ, ಕಂದು. ಒಲೆಯ ಮೇಲೆ ಒಂದು ಪಾತ್ರೆಯಲ್ಲಿ ಕಡಲೆ ಬೇಯುತ್ತಿದ್ದರೆ ಪಕ್ಕದಲ್ಲೇ ಇನ್ನೊಂದರಲ್ಲಿ ಮರಕ್ಕೆ ಹಚ್ಚುವ ಅಂಟು, ಸರೇಸು, ಕಾಯುತ್ತಿತ್ತು. ಎರಡರ ವಾಸನೆಯೂ ಬೆರೆತು ಇಡೀ ಮೆಟ್ಟಿಲಿಗೆ ಹಬ್ಬುತ್ತಿತ್ತು.

ಕೆಲಸ ಹೇಳುವುದು ಸುಲಭ, ಮಾಡುವುದು ಬೇರೆ. ಬೆರಳುದ್ದದ ಕಡ್ಡಿಗಳನ್ನು ಒಂದರ ಪಕ್ಕ ಒಂದರಂತೆ, ಒಂದು ಸಾಲಿನ ಮೇಲೆ ಇನ್ನೊಂದು ಸಾಲಿನಂತೆ ಮರದ ಅಚ್ಚಿನೊಳಗೆ ಸರೇಸು ಹಚ್ಚಿ ಜೋಡಿಸಬೇಕು. ಹದಿಮೂರು ಸಾಲು, ಸಾಲಿಗೆ ಹದಿಮೂರು. ಒಣಗಿದ ಮೇಲೆ ಅದೊಂದು ದಿಂಡು. ದಿಂಡನ್ನು ಅಡ್ಡಲಾಗಿ ತೆಳುವಾಗಿ ಕೊಯ್ದರೆ ಒಂದೊಂದು ಬಿಲ್ಲೆಯಲ್ಲೂ ಅದೇ ನಕ್ಷತ್ರ, ಅದೇ ದಾಳಿಂಬೆ. ಆ ಬಿಲ್ಲೆಗಳನ್ನು ಸುತ್ತಲೂ ಕೂರಿಸಿದರೆ ಬಳೆ. ಒಂದು ಕಡ್ಡಿ ತಪ್ಪಿದರೆ ಆ ತಪ್ಪು ಪ್ರತಿ ಬಿಲ್ಲೆಯಲ್ಲೂ ಹಲ್ಲು ಕಿರಿಯುತ್ತದೆ. ಅಂಗುಸ್ತಿಯಾಸಳ ದಿಂಡಿನಲ್ಲಿ ನಲವತ್ತು ವರ್ಷಗಳಲ್ಲಿ ಅಂಥದ್ದು ಎರಡು ಸಲ ಆಗಿತ್ತು. ಎರಡನ್ನೂ ಅವಳು ಒಲೆಗೆ ಹಾಕಿದ್ದಳು.

ಮುಗಿದ ಬಳೆಗಳು ಗುಡ್ಡದ ಬೀದಿಗೆ ಹೋಗುತ್ತಿದ್ದದ್ದು ಸಿಹಿ ಅಂಗಡಿಯ ರಟ್ಟಿನ ಡಬ್ಬಿಯಲ್ಲಿ, ದಾರ ಕಟ್ಟಿಕೊಂಡು. ಯಾರಾದರೂ ಕೇಳಿದರೆ ಕೇಕು ಎನ್ನಬೇಕು. ಮಂಗಳವಾರ ಒಬ್ಬರಿಗೆ ಕೇಕು, ಗುರುವಾರ ಇನ್ನೊಬ್ಬರಿಗೆ ಕೇಕು. ಐದು ಜನ ಮೇಸ್ತ್ರಿಗಳಲ್ಲಿ ನಾಲ್ವರಿಗೆ ಸಕ್ಕರೆ ಕಾಯಿಲೆ. ಬೀದಿಯ ನಾಯಿಗಳಿಗೂ ವಿಷಯ ಗೊತ್ತಿತ್ತು, ಆದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಒಬ್ಬನ ಗುಟ್ಟು ಹೊರಬಿದ್ದರೆ ಉಳಿದ ನಾಲ್ಕೂ ಅದರ ಬಾಲ ಹಿಡಿದು ಬರುತ್ತವಲ್ಲ.

ಎಂಬತ್ತಾರನೇ ಇಸವಿಯ ಶರತ್ಕಾಲದಲ್ಲಿ ಮೇಸ್ತ್ರಿಗಳು ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡರು. ಎಲ್ಲೋ ಕಾರ್ಖಾನೆಯಲ್ಲಿ ಮಾಡಿದ, ಬಳೆಯ ಜಾಗಕ್ಕೆ ಬಣ್ಣದ ಕಾಗದ ಅಂಟಿಸಿದ ಗಿಟಾರುಗಳು ಪ್ರವಾಸಿಗಳ ಅಂಗಡಿಗಳಲ್ಲಿ 'ಗ್ರಾನಾದಾದ್ದು' ಎಂದು ಮಾರಾಟವಾಗುತ್ತಿದ್ದವು. ಅಸಲಿ ಗಿಟಾರಿಗೆ ಒಂದು ಮುದ್ರೆ ಬೇಕು ಎಂದು ಸಂಘ ಕಟ್ಟಿದರು. ಅಧ್ಯಕ್ಷ ಎವಾರಿಸ್ತೊ ಕರಸ್ಕೋಸಾ. ಮೀಸೆಗೆ ದಿನಾ ಎಣ್ಣೆ ಹಚ್ಚುವ, ಮಾತಿಗೆ ಅದಕ್ಕಿಂತ ಹೆಚ್ಚು ಹಚ್ಚುವ ಮನುಷ್ಯ. ನಿಯಮ ಬರೆಯುವಾಗ ನಗರಸಭೆಯ ಕಾರ್ಯದರ್ಶಿ ಸುಮ್ಮನೆ ಕೇಳಿದ: "ಬಳೆಯನ್ನೂ ಮೇಸ್ತ್ರಿಯೇ ಮಾಡಬೇಕು ಅಂತ ಬರೆಯಲಾ?" ಎವಾರಿಸ್ತೊ ಎದೆಯುಬ್ಬಿಸಿ, "ಬರೀರಿ, ಇನ್ನೇನು ಪಕ್ಕದ ಮನೆಯೋಳು ಮಾಡ್ತಾಳಾ?" ಎಂದ. ಉಳಿದ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಬೇಡ ಎಂದವನು ಸಿಕ್ಕಿಬಿದ್ದ ಹಾಗೆ. ನಾಲ್ವರೂ ತಲೆಯಾಡಿಸಿದರು. ಹೀಗಾಗಿ ಪುಸ್ತಕದಲ್ಲಿ ಹೆಸರಿದ್ದವರು ಮಾತ್ರ ಮುದ್ರೆಯ ಗಿಟಾರಿಗೆ ಕೈ ಹಚ್ಚಬಹುದು, ಹೆಸರು ಬರೆಸುವ ಮೇಸ್ತ್ರಿಗಳು ಜನವರಿ ಕೊನೆಯಲ್ಲಿ ಮದ್ರಿದಿನಿಂದ ಬರುವ ಪರೀಕ್ಷಕರ ಎದುರು ಬಳೆಯ ದಿಂಡು ಜೋಡಿಸಿ ತೋರಿಸಬೇಕು ಎಂದು ಠಸ್ಸೆ ಬಿತ್ತು.

ಸುದ್ದಿ ಕೇಳಿದ ಮಾರನೆಯ ದಿನ ಅಂಗುಸ್ತಿಯಾಸ್ ಡಬ್ಬಿಯಿಲ್ಲದೆ, ಒಂದು ಹಾಳೆ ಹಿಡಿದು, ಮುಂಬಾಗಿಲಿನಿಂದ ಎವಾರಿಸ್ತೊನ ಅಂಗಡಿಗೆ ಹೋದಳು. ಜಪಾನಿನ ಒಬ್ಬ ಗಿರಾಕಿ ಗಿಟಾರನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಕೂತಿದ್ದ.

"ಬಾಮ್ಮ, ಬಾ. ಕೇಕು ತಂದ್ಯಾ?" ಎಂದ ಎವಾರಿಸ್ತೊ.

"ಕೇಕಲ್ಲ ದೋನ್ ಎವಾರಿಸ್ತೊ, ಅರ್ಜಿ. ಪುಸ್ತಕದಲ್ಲಿ ನನ್ನ ಹೆಸ್ರೂ ಬರೀಬೇಕು. ಇಲ್ದಿದ್ರೆ ಫೆಬ್ರವರಿಯಿಂದ ನಾನು ಮಾಡಿದ್ದನ್ನ ಯಾರೂ ಮುಟ್ಟಂಗಿಲ್ವಂತೆ. ನೀವೇ ಬರ್ಸಿರೋ ನಿಯಮ."

"ಅಯ್ಯೋ ತಾಯಿ, ಅದು ಮೇಸ್ತ್ರಿಗಳ ಪುಸ್ತಕ. ನೀನು ಗಿಟಾರು ಮಾಡಿದ್ದೀಯಾ? ಒಂದಾದ್ರೂ?"

"ಗಿಟಾರು ಮಾಡಿಲ್ಲ, ಬಳೆ ಮಾಡಿದ್ದೀನಿ. ಅಪ್ಪನ ಹತ್ರ ಕಲ್ತಿದ್ದು. ಸೆಫೆರಿನೊ ಮೆಹಿಯಾಸ್ ಅಂದ್ರೆ ಊರಿಗೇ ಗೊತ್ತು."

"ಸೆಫೆರಿನೊ ದೊಡ್ಡ ಮನುಷ್ಯ, ಅವನ ಚಿತ್ತಾರದ ಪೆಟ್ಟಿಗೆಗಳಿಗೆ ಸಾಟಿ ಇರ್ಲಿಲ್ಲ. ಆದ್ರೆ ಬಳೆ ಅನ್ನೋದು ಅಲಂಕಾರ ಕಣಮ್ಮ, ಕಸುಬಲ್ಲ. ಮದುಮಗಳಿಗೆ ಹೂ ಮುಡಿಸಿದೋಳು ಹೆತ್ತ ತಾಯಿ ಆಗ್ಬಿಡ್ತಾಳಾ?" ಈ ಮಾತು ಎವಾರಿಸ್ತೊಗೇ ಎಷ್ಟು ಹಿಡಿಸಿತೆಂದರೆ ಜಪಾನಿನವನ ಕಡೆ ತಿರುಗಿ ಮೀಸೆ ನೀವಿಕೊಂಡ. ಆಮೇಲೆ ದನಿ ಏರಿಸಿ, "ಅಲ್ದೆ ಇಲ್ಲಿ ಎಲ್ಲಾ ಮೇಸ್ತ್ರಿಗಳೂ ಅವರವರ ಬಳೆ ಅವರವರೇ ಮಾಡ್ಕೋತಾರೆ. ಜಗತ್ತಿಗೇ ಗೊತ್ತಿರೋ ವಿಷ್ಯ" ಎಂದ.

ಜಪಾನಿನವನ ತೊಡೆಯ ಮೇಲಿದ್ದ ಗಿಟಾರಿನ ಬಳೆ ಹೋದ ತಿಂಗಳು ಕೇಕಿನ ಡಬ್ಬಿಯಲ್ಲಿ ಬಂದದ್ದು. ಅಂಗುಸ್ತಿಯಾಸ್ ಅದನ್ನು ನೋಡಿದಳು, ಎವಾರಿಸ್ತೊನನ್ನು ನೋಡಿದಳು. ಕೆಲಸ ಹೋಗುತ್ತದೆ ಎಂಬ ಹೆದರಿಕೆಗಿಂತ, ಕಣ್ಣಲ್ಲಿ ಕಣ್ಣಿಟ್ಟು ಇಷ್ಟು ಸಲೀಸಾಗಿ ತನ್ನನ್ನು ಇಲ್ಲವಾಗಿಸಿದನಲ್ಲ ಎಂಬುದು ಅವಳನ್ನು ಉರಿಸಿತು. ಆ ಪುಸ್ತಕದಲ್ಲಿ ತನ್ನ ಹೆಸರು ಬರೆಸದೆ ಬಿಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದಳು.

"ಹೌದಾ? ಸಂತೋಷ. ಜನವರಿಯಲ್ಲಿ ಪರೀಕ್ಷಕರ ಮುಂದೆ ಮಾಡಿ ತೋರ್ಸಿ, ನಾನೂ ಬಂದು ನೋಡಿ ಕಣ್ಣು ತಂಪು ಮಾಡ್ಕೋತೀನಿ" ಎಂದು ಹೊರಟಳು. ಎವಾರಿಸ್ತೊನ ಮೀಸೆ ಮೊದಲ ಬಾರಿಗೆ ಜೋತುಬಿತ್ತು. ದಿಂಡು ಜೋಡಿಸುವುದು ಹೇಗೆಂದು ತನಗೆ ಗೊತ್ತಿಲ್ಲ ಎನ್ನುವುದು ಆ ಗಳಿಗೆಯವರೆಗೂ ಅವನಿಗೆ ಹೊಳೆದಿರಲಿಲ್ಲ. ಅಷ್ಟು ವರ್ಷ ಅದೇ ಸುಳ್ಳು ಹೇಳಿ, ಪಾಪ, ಅವನೇ ನಂಬಿಬಿಟ್ಟಿದ್ದ.

ಅವಳ ಮನೆಗೆ ಮೊದಲು ಬಂದವನು ಫೆರ್ಮಿನ್ ಒಲೋರಿಸ್. ಐವರಲ್ಲಿ ಕಿರಿಯ, ಮೆತ್ತಗಿನ ಮನುಷ್ಯ, ಗಿರಾಕಿಗೂ ಹೆದರುವವನು. ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಟೋಪಿ ಹಿಂಡುತ್ತಾ, "ಅಕ್ಕಾ, ಒಂಚೂರು ಕಲಿಸಿಕೊಡ್ತೀರಾ? ಬೇರೆ ಯಾರಿಗೂ ಗೊತ್ತಾಗ್ಬಾರ್ದು" ಎಂದ. ಮಂಗಳವಾರ ರೊಕೆ ಎಂಬ ಮೇಸ್ತ್ರಿ ಬಂದ. ಅವನದೂ ಅದೇ ರಾಗ. ಬುಧವಾರ ಹನ್ನೊಂದು ವರ್ಷಗಳಿಂದ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದ ಪೆದ್ರೊಸಾ ಅಣ್ಣತಮ್ಮಂದಿರಲ್ಲಿ ಅಣ್ಣ ಬಂದ. ಅವನು ಇನ್ನೂ ಮೇಜಿನ ಮುಂದಿರುವಾಗಲೇ ತಮ್ಮ ಬಾಗಿಲು ತಟ್ಟಿದ. ಅಣ್ಣ ಪಾಯಿಖಾನೆಯೊಳಗೆ ಹೋಗಿ ಚಿಲಕ ಹಾಕಿಕೊಂಡ. ತಮ್ಮ ತನ್ನ ಕಷ್ಟವನ್ನೆಲ್ಲ ಹೇಳಿಕೊಂಡು, ಅಣ್ಣನನ್ನು ಮನಸಾರೆ ಬೈದು, ನಿಧಾನವಾಗಿ ಎದ್ದು ಹೋಗುವವರೆಗೂ ಅಣ್ಣ ಉಸಿರು ಬಿಗಿಹಿಡಿದು ಅಲ್ಲೇ ಇದ್ದ. ಶುಕ್ರವಾರ, ಮೂಗಿನವರೆಗೆ ಮಫ್ಲರು ಸುತ್ತಿಕೊಂಡು, ಅಧ್ಯಕ್ಷರು ಬಂದರು.

"ಕಲಿಯೋಕೆ ಬಂದಿಲ್ಲ" ಎಂದ ಎವಾರಿಸ್ತೊ, ಮಫ್ಲರಿನ ಒಳಗಿಂದಲೇ. "ಮರೆತುಹೋಗಿದೆಯೇನೋ ಅಂತ ನೋಡ್ಕೊಂಡು ಹೋಗೋಣ ಅಂತ."

"ಬನ್ನಿ ಬನ್ನಿ. ಮರೆವಿಗೆ ನಮ್ಮನೇಲಿ ಒಳ್ಳೆ ಔಷಧಿ ಇದೆ."

ಕೆಳಗೆ ಮೂಲೆಯಲ್ಲಿ ಚುರ್ರೊ ಎಂಬ ಹಿಟ್ಟಿನ ತಿಂಡಿ ಕರಿದು ಮಾರುತ್ತಿದ್ದ ಸಗ್ರಾರಿಯೊ ಈ ಮೆರವಣಿಗೆಯನ್ನು ದಿನಾ ಎಣ್ಣೆ ಬಾಂಡ್ಲಿಯ ಹಿಂದಿನಿಂದ ನೋಡುತ್ತಿದ್ದಳು. ಮೂವತ್ತು ವರ್ಷಗಳಿಂದ ಅಂಗುಸ್ತಿಯಾಸಳ ಗೆಳತಿ, ಅವಳನ್ನು ಎದುರಿಗೇ ಬೈಯಬಲ್ಲ ಒಬ್ಬಳೇ ಒಬ್ಬಳು.

"ಏನೇ ಇದು, ಒಂಟಿ ಹೆಂಗ್ಸಿನ ಮನೆಗೆ ವಾರಕ್ಕೆ ಐದು ಗಂಡಸ್ರು! ಪಾದ್ರಿಗೆ ಹೇಳ್ಲೋ, ಪೊಲೀಸ್ರಿಗೆ ಹೇಳ್ಲೋ?"

"ಪಾದ್ರಿಗೇ ಹೇಳು. ಅವರಿಗೂ ಒಂದು ದಿಂಡು ಕಲಿಸ್ತೀನಿ."

"ನಗ್ಬೇಡ. ಕಲಿಸಿಬಿಟ್ರೆ ನಾಳೆ ನಿನ್ನ ಯಾರೇ ಕೇಳ್ತಾರೆ? ನಿನ್ನ ಅನ್ನಕ್ಕೆ ನೀನೇ ಮಣ್ಣು ಹಾಕ್ಕೋತಿದ್ದೀಯ."

"ಕಲಿಸ್ದೇ ಇದ್ರೆ ಅವ್ರಿಗೆ ಮುದ್ರೆ ಇಲ್ಲ, ಆಗ ನನ್ನ ಬಳೆ ಯಾರಿಗೆ ಬೇಕು? ಅವ್ರು ಒಳಗೆ ಹೋಗ್ಲಿ, ನನ್ನನ್ನೂ ಎಳ್ಕೊಳ್ಲಿ. ನನ್ನ ಪರವಾಗಿ ಮಾತಾಡ್ತೀನಿ ಅಂತ ಐದೂ ಜನ ಮಾತು ಕೊಟ್ಟಿದ್ದಾರೆ. ಎವಾರಿಸ್ತೊ ಎದೆ ಮೇಲೆ ಕೈ ಇಟ್ಟು ಹೇಳಿದ."

"ಎದೆ ಮೇಲೆ ಕೈ ಇಟ್ಟಿದ್ದು ಪರ್ಸು ಇದೆಯಾ ಅಂತ ನೋಡ್ಕೊಳ್ಳೋಕೆ" ಎಂದಳು ಸಗ್ರಾರಿಯೊ.

ಪಾಠ ಕಲಿಸುವುದರಲ್ಲಿ ಅಂಗುಸ್ತಿಯಾಸಳಿಗೆ ತಾಳ್ಮೆ ಇರಲಿಲ್ಲ. ವಿವರಿಸುವುದು ಅವಳಿಂದಾಗದು. "ನಾನು ಮಾಡ್ದಂಗೆ ಮಾಡಿ, ಪ್ರಶ್ನೆ ಕೇಳ್ಬೇಡಿ" ಎನ್ನುವುದೇ ಪಾಠ. ಅವಳು ಮಾಡುತ್ತಿದ್ದದ್ದಾದರೂ ಹೇಗೆ? ಅವಳ ಬಲಗೈಯ ತೋರುಬೆರಳು ಬುಡದಲ್ಲೇ ಮುಗಿಯುತ್ತಿತ್ತು. ಹದಿನಾಲ್ಕನೇ ವಯಸ್ಸಿನಲ್ಲಿ ಅಪ್ಪನ ಅಂಗಡಿಯಲ್ಲಿ ಹಲಗೆ ಹಿಡಿದು ನಿಂತಿದ್ದಾಗ, ಜರ್ಮನ್ ಪ್ರವಾಸಿಯೊಬ್ಬ ಬಂದನೆಂದು ಅಪ್ಪ ಗರಗಸ ನಿಲ್ಲಿಸದೆಯೇ ನಗುನಗುತ್ತಾ ಅತ್ತ ತಿರುಗಿದ್ದ. ಹೋದದ್ದು ಹೋಯಿತು. ಆಗಿನಿಂದ ಅವಳು ನಡುಬೆರಳಿನಲ್ಲಿ ಹಿಂದಿನ ಕಡ್ಡಿಯನ್ನು ಅದುಮಿ ಹಿಡಿದು, ಹೆಬ್ಬೆರಳು ಮತ್ತು ಉಂಗುರಬೆರಳಿನಲ್ಲಿ ಮುಂದಿನ ಕಡ್ಡಿ ಎತ್ತುವುದು ರೂಢಿಯಾಗಿತ್ತು. ಎತ್ತಿದ್ದನ್ನು ಕೆಳತುಟಿಗೆ ತಾಗಿಸುವಳು, ಹಸಿಯಿದ್ದರೆ ತುಟಿಗೆ ಗೊತ್ತಾಗುತ್ತದೆ. ಆಮೇಲೆ ಒಂದು ಸಲ ಫೂ ಎಂದು ಊದಿ, ಸರೇಸಿಗೆ ಅದ್ದಿ, ಕೂರಿಸುವಳು.

ಐದು ಮೇಸ್ತ್ರಿಗಳೂ ಕಣ್ಣು ಪಿಳುಕಿಸದೆ ನೋಡಿದರು. ಗಿಟಾರು ಮಾಡುವವರ ಕಣ್ಣು, ಏನನ್ನೂ ಬಿಡುವುದಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಎರಡು ತಿಂಗಳು ಅಭ್ಯಾಸ ಮಾಡಿದರು.

ಪರೀಕ್ಷೆಯ ದಿನ ನಗರಸಭೆಯ ಹಾಲಿನಲ್ಲಿ ಐದು ಮೇಜು ಹಾಕಿದ್ದರು. ಬೀದಿಯ ಅರ್ಧ ಜನ ಬಂದಿದ್ದರು, ಉಳಿದರ್ಧಕ್ಕೆ ಜಾಗ ಸಿಗಲಿಲ್ಲ. ಅಂಗುಸ್ತಿಯಾಸ್ ಮತ್ತು ಸಗ್ರಾರಿಯೊ ಕೊನೆಯ ಸಾಲಿನಲ್ಲಿ ಕೂತಿದ್ದರು. ಮದ್ರಿದಿನ ಪರೀಕ್ಷಕ ದೋನ್ ಸತುರ್ನಿನೊ ಅಲ್ದೆಕೋವಾ ಸಣಕಲು ಮುದುಕ, ಕಂದು ಬಣ್ಣದ ನೋಟುಬುಕ್ಕು, ಹೆಚ್ಚು ಮಾತಿಲ್ಲ. ಪರೀಕ್ಷೆಗೆ ಮುಂಚೆಯೇ ಐವರೂ ದಪ್ಪ ರಟ್ಟಿನ ಪುಸ್ತಕದಲ್ಲಿ ತಮ್ಮ ಹೆಸರು, ಅಂಗಡಿ, 'ಯಾರಿಂದ ಕಲಿತದ್ದು' ಎಂಬ ಮೂರು ಕಾಲಮುಗಳನ್ನು ತುಂಬಿದ್ದರು. ಕೊನೆಯ ಕಾಲಮಿನಲ್ಲಿ ಐವರೂ ಬರೆದದ್ದು ಒಂದೇ: ತಂದೆಯಿಂದ.

ಕೆಲಸ ಶುರುವಾಯಿತು. ಐದು ಮೇಸ್ತ್ರಿಗಳು ಐದು ತೋರುಬೆರಳುಗಳನ್ನು ಅಂಗೈಯೊಳಗೆ ಮಡಚಿದರು. ಐದು ಹೆಬ್ಬೆರಳು, ಐದು ಉಂಗುರಬೆರಳು ಕಡ್ಡಿ ಎತ್ತಿದವು. ಐದು ಕಡ್ಡಿಗಳು ಐದು ಕೆಳತುಟಿಗೆ ತಾಗಿದವು. ಎವಾರಿಸ್ತೊನ ಕಡ್ಡಿ ಮೀಸೆಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡ. ಐದು ಕಡೆಯಿಂದ ಫೂ, ಫೂ, ಫೂ. ಹಾಲಿನಲ್ಲಿ ಪಿಸುಮಾತು ಶುರುವಾಯಿತು. ಐವರೂ ತಲೆ ತಗ್ಗಿಸಿದ್ದರಿಂದ ಯಾರಿಗೂ ಪಕ್ಕದ ಮೇಜು ಕಾಣುತ್ತಿರಲಿಲ್ಲ. ಪೆದ್ರೊಸಾ ಅಣ್ಣನೊಬ್ಬನನ್ನು ಬಿಟ್ಟರೆ, ತಾನೊಬ್ಬನೇ ಗುಟ್ಟಾಗಿ ಕಲಿತು ಬಂದಿದ್ದೇನೆ ಎಂಬ ಸುಖದಲ್ಲಿ ಒಬ್ಬೊಬ್ಬನೂ ಬೆವರು ಸುರಿಸುತ್ತಿದ್ದ.

ಸತುರ್ನಿನೊ ಮೇಜಿನಿಂದ ಮೇಜಿಗೆ ಹೋದರು. ಬಾಗಿ ನೋಡಿದರು. ಬರೆದುಕೊಂಡರು. ಎರಡನೇ ಸುತ್ತು ಹೋದರು. ಕೊನೆಗೆ ಎವಾರಿಸ್ತೊನ ಮುಂದೆ ನಿಂತು ಕೇಳಿದರು: "ಮೂವತ್ತು ವರ್ಷಗಳಿಂದ ಈ ಕೆಲಸ ನೋಡ್ತಿದ್ದೀನಿ, ಈ ಪದ್ಧತಿ ಎಲ್ಲೂ ಕಂಡಿಲ್ಲ. ತೋರುಬೆರಳನ್ನ ಯಾಕೆ ಮಡಚ್ತೀರಿ?"

ಎವಾರಿಸ್ತೊ ಎಂದೂ ಉತ್ತರಕ್ಕೆ ತಡಕಾಡಿದವನಲ್ಲ. "ತೋರುಬೆರಳಿಗೆ ಕಾವು ಜಾಸ್ತಿ ಸ್ವಾಮಿ. ಮುಟ್ಟಿದ್ರೆ ಸರೇಸು ಕೆಟ್ಟುಹೋಗುತ್ತೆ. ನಮ್ಮಪ್ಪ ಹೇಳ್ತಿದ್ರು."

"ಅರಬರ ಕಾಲದಿಂದ ಬಂದದ್ದು" ಎಂದ ರೊಕೆ, ತನ್ನನ್ನು ಯಾರೂ ಕೇಳುವ ಮೊದಲೇ.

ಪೆದ್ರೊಸಾ ಅಣ್ಣ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, "ಕೆಲ್ಸ ಮಾಡೋವಾಗ ದೇವಮಾತೆ ಕಡೆ ಬೆರಳು ತೋರ್ಸಬಾರ್ದು ಅಂತ" ಎಂದ. "ನಮ್ಮಣ್ಣ ಹೇಳಿದ್ದು ನಿಜ" ಎಂದ ತಮ್ಮ. ಹನ್ನೊಂದು ವರ್ಷಗಳಲ್ಲಿ ಇಬ್ಬರೂ ಒಪ್ಪಿದ ಮೊದಲ ವಿಷಯ ಅದು.

ಸತುರ್ನಿನೊ ಅಷ್ಟನ್ನೂ ಬರೆದುಕೊಂಡು ಫೆರ್ಮಿನನ ಕಡೆ ತಿರುಗಿದರು. "ನೀವು?"

ಫೆರ್ಮಿನ್ ಕತ್ತೆತ್ತಿದ. ಕೊನೆಯ ಸಾಲಿನಲ್ಲಿ ಅಂಗುಸ್ತಿಯಾಸಳ ಕನ್ನಡಕ ಕಂಡಿತು. "ನಮ್ಮಪ್ಪ... ಹಂಗೇ ಮಾಡ್ತಿದ್ರು" ಎಂದ. ಅವನ ಅಪ್ಪ ಜೀವಮಾನವೆಲ್ಲ ಟ್ರಾಮು ಓಡಿಸಿದವನು. ಹಾಲಿನಲ್ಲಿದ್ದ ಅರ್ಧ ಜನ ಆ ಟ್ರಾಮಿನಲ್ಲಿ ಕೂತವರೇ.

ಸಗ್ರಾರಿಯೊಗೆ ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕುಬಿಟ್ಟಳು. ಅಂಗುಸ್ತಿಯಾಸಳಿಗೆ ನಗು ಬರಲಿಲ್ಲ. ಐದು ಜನ ಮಾತು ಕೊಟ್ಟಿದ್ದರು. ಐದು ಸಲ ಬಾಯಿ ತೆರೆದಿತ್ತು, ಐದು ಸಲವೂ ಅಪ್ಪ, ಅರಬರು, ದೇವಮಾತೆ. ಅಳುವವಳಲ್ಲ ಅವಳು, ಆದರೆ ಅವತ್ತು ಇನ್ನೊಂದು ನಿಮಿಷ ಕೂತಿದ್ದರೆ ಅತ್ತೇಬಿಡುತ್ತಿದ್ದಳು. ಎದ್ದಳು.

"ಯಾಕೆ ಮಡಚ್ತಾರೆ ಅಂತ ನಾನು ಹೇಳ್ಲಾ ಸ್ವಾಮಿ?"

ಮುಂದೆ ನಡೆದು ಬಂದು, ಎವಾರಿಸ್ತೊನ ಮೇಜಿನ ಮೇಲೆ, ಅವನ ಕಡ್ಡಿಗಳ ಪಕ್ಕದಲ್ಲಿ, ತನ್ನ ಬಲಗೈ ಹರಡಿ ಇಟ್ಟಳು. "ನನಗಿಲ್ಲ. ಅದಕ್ಕೇ."

ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಇಡೀ ಹಾಲು. ಗ್ರಾನಾದಾದವರು ಸುಲಭಕ್ಕೆ ನಗುವ ಜನವಲ್ಲ, ಮುಖ ಸಿಂಡರಿಸಿಕೊಂಡಿರುವುದೇ ಇಲ್ಲಿ ಮರ್ಯಾದೆ. ಅವತ್ತು ಮಾತ್ರ ಕುರ್ಚಿಗಳು ಅಲುಗಾಡಿದವು. ಐದು ಮೇಸ್ತ್ರಿಗಳು ಆಗ ಮೊದಲ ಸಲ ಅಕ್ಕಪಕ್ಕದ ಮೇಜು ನೋಡಿದರು. ಐದು ತೋರುಬೆರಳುಗಳು ಇನ್ನೂ ಮಡಚಿಕೊಂಡೇ ಇದ್ದವು.

ಸತುರ್ನಿನೊ ನಗಲಿಲ್ಲ. ಆ ಕೈಯನ್ನು ಬಹಳ ಹೊತ್ತು ನೋಡಿ, ಬರೆದುಕೊಂಡಿದ್ದ ಹಾಳೆಯನ್ನು ಹರಿದು ಜೇಬಿಗಿಟ್ಟರು. "ಹಾಗಾದರೆ ಕೇಳಿ. ಬಳೆ ಈ ಅಮ್ಮನದು. ಅವರ ಹೆಸರಿಲ್ಲದ ಪುಸ್ತಕಕ್ಕೆ ನಾನು ಸಹಿ ಹಾಕಲ್ಲ. ಆದರೆ ಹೊಸ ಹೆಸರು ಸೇರಿಸೋಕೆ ಇಬ್ಬರು ಮೇಸ್ತ್ರಿಗಳು ಎದ್ದು ನಿಂತು ಸೂಚಿಸಬೇಕು, ಅದು ನಿಮ್ಮದೇ ನಿಯಮ. ಯಾರಿದ್ದೀರಿ?"

ಯಾರೂ ಏಳಲಿಲ್ಲ. ಎರಡನೆಯವನಾಗಲು ಐವರೂ ತಯಾರಿದ್ದರು, ಮೊದಲನೆಯವನಾಗಲು ಒಬ್ಬನೂ ಇಲ್ಲ. ರೊಕೆ ತನ್ನ ಶೂ ನೋಡಿಕೊಂಡ. ಅಣ್ಣ ತಮ್ಮನ ಕಡೆ ನೋಡಿದ, ತಮ್ಮ ಸೂರಿನ ಕಡೆ. ಅಂಗುಸ್ತಿಯಾಸ್ ಮೇಜಿನ ಮೇಲಿನ ಕೈ ತೆಗೆಯದೆ ನಿಂತಿದ್ದಳು. ಇಷ್ಟು ವರ್ಷ ಇವರಿಗಾಗಿ ಕಣ್ಣು ಕಳೆದುಕೊಂಡೆ, ಇವರಿಗೆ ಎದ್ದು ನಿಲ್ಲುವಷ್ಟೂ ಕಾಲಿಲ್ಲವೇ ಎನಿಸಿತು.

ಕೊನೆಗೆ ಒಂದು ಕುರ್ಚಿ ಕಿರುಗುಟ್ಟಿತು. ಫೆರ್ಮಿನ್. ಎದ್ದು ನಿಂತಿದ್ದ. "ನಮ್ಮಪ್ಪ ಟ್ರಾಮು ಓಡಿಸ್ತಿದ್ರು" ಎಂದ, ಅದೇ ಸೂಚನೆಯೆಂಬಂತೆ. "ನನಗೆ ಕಲ್ಸಿದ್ದು ಈ ಅಕ್ಕ."

ಇನ್ನೊಬ್ಬರು ಬೇಕಿತ್ತು. ಎವಾರಿಸ್ತೊ ತನ್ನ ದಿಂಡನ್ನು ನೋಡಿದ. ಮೂರೂವರೆ ಗಂಟೆಯ ದುಡಿಮೆ. ಏಳನೇ ಸಾಲು ಹಾವಿನಂತೆ ಸೊಟ್ಟಗಾಗಿತ್ತು, ದಾಳಿಂಬೆಯಾಗಬೇಕಿದ್ದದ್ದು ಕೊಳೆತ ಬದನೆಕಾಯಿಯಾಗಿತ್ತು, ಕೋಟಿನ ತೋಳಿಗೆ ಸರೇಸು. ಈ ಹೆಂಗಸಿನ ಹೆಸರು ಪುಸ್ತಕಕ್ಕೆ ಬರದಿದ್ದರೆ ಸಾಯುವವರೆಗೂ ಇದನ್ನು ತಾನೇ ಮಾಡುತ್ತಿರಬೇಕು ಎಂಬುದು ಅವನ ತಲೆಯೊಳಗೆ ನಿಧಾನವಾಗಿ ಇಳಿಯಿತು. ಎದ್ದು ಕೋಟು ಸರಿಮಾಡಿಕೊಂಡ. "ಊರಿನ ಹಿತದೃಷ್ಟಿಯಿಂದ..." ಎಂದು ಭಾಷಣ ಶುರುಮಾಡಿದ. ಅವನು ಎದ್ದದ್ದೇ ತಡ, ರೊಕೆಯೂ ಪೆದ್ರೊಸಾ ಸೋದರರೂ ತಾವೇ ಮೊದಲು ಎದ್ದದ್ದೆಂದು ಜಗಳಕ್ಕೆ ಬಿದ್ದರು.

ಸತುರ್ನಿನೊ ಪುಸ್ತಕ ತೆರೆದು, ಆರನೆಯ ಸಾಲು ತೋರಿಸಿ, ಪೆನ್ನು ಕೊಟ್ಟರು. ಅಂಗುಸ್ತಿಯಾಸ್ ಬರೆಯುವ ಮೊದಲು ಮೇಲಿನ ಐದು ಸಾಲುಗಳನ್ನು ಒಂದೊಂದಾಗಿ ಓದಿದಳು.

"ಯಾರಿಂದ ಕಲಿತದ್ದು, ತಂದೆಯಿಂದ. ತಂದೆಯಿಂದ. ತಂದೆಯಿಂದ." ಕನ್ನಡಕದ ಮೇಲಿನಿಂದ ನೋಡಿದಳು. "ಇಷ್ಟೊಂದು ಅಪ್ಪಂದಿರು ನನ್ನ ಅಡುಗೆಮನೆಗೆ ಬಂದದ್ದು ನೆನಪಿಲ್ವಲ್ಲ. ತಿದ್ದಿದ್ರೆ ನಾನು ಬರೀತೀನಿ."

"ಅಮ್ಮಾ, ಗಿಟಾರು ಅಪ್ಪನಿಂದಲೇ ಕಲ್ತದ್ದು" ಎಂದ ಎವಾರಿಸ್ತೊ, ಸೋತ ದನಿಯಲ್ಲಿ.

"ಗಿಟಾರು ಅಪ್ಪನಿಂದ ಅಂತಿರ್ಲಿ. ಬಳೆ ಯಾರಿಂದ ಅಂತ ಪಕ್ಕದಲ್ಲಿ ಬರೀರಿ."

ಫೆರ್ಮಿನ್ ಬರೆದ. ಉಳಿದವರೂ ಗೊಣಗುತ್ತಾ ಬರೆದರು. ಎವಾರಿಸ್ತೊ ಪೆನ್ನು ಹಿಡಿದು, "ಸ್ವಲ್ಪ ಸಣ್ಣ ಅಕ್ಷರದಲ್ಲಿ ಬರೀಲಾ? ಜಾಗ ಕಮ್ಮಿ ಇದೆ" ಎಂದ.

"ನಿಮ್ಮ ಹೆಸ್ರು ಎಷ್ಟು ದಪ್ಪ ಇದ್ಯೋ ಅಷ್ಟೇ ದಪ್ಪ. ಜಾಗ ಸಾಲ್ದಿದ್ರೆ ನಿಮ್ಮದನ್ನ ಅಳಿಸಿ."

ಬರೆದ. ಈಗ ಅವಳ ಸರದಿ. ಹೆಸರು ಬರೆದಳು. ಅಂಗಡಿ ಎಂಬಲ್ಲಿ ಮನೆಯ ವಿಳಾಸ ಬರೆದಳು. ಮೂರನೆಯ ಕಾಲಮಿಗೆ ಬಂದಾಗ ಕೈ ತಾನಾಗಿಯೇ ಮುಂದುವರಿಯಿತು. ಜೀವಮಾನವಿಡೀ ಹೇಳಿದ್ದನ್ನೇ ಬರೆಯಲು ಹೊರಟಿತ್ತು, ಸೆಫೆರಿನೊ ಮೆಹಿಯಾಸ್, ತಂದೆ. 'ಸೆ' ಎಂದು ಬರೆದ ಮೇಲೆ ಪೆನ್ನು ನಿಂತಿತು.

ಅಪ್ಪ ಒಂದು ದಿನವಾದರೂ ಕಡ್ಡಿ ಹಿಡಿದದ್ದನ್ನು ಅವಳು ನೋಡಿರಲಿಲ್ಲ. ಅಪ್ಪ ಅಂಗಡಿಯಲ್ಲಿ ಕೂತು ಪೆಟ್ಟಿಗೆಗೆ ಹಲಗೆ ಕೊಯ್ಯುತ್ತಿದ್ದ, ಪ್ರವಾಸಿಗಳ ಜೊತೆ ಹರಟುತ್ತಿದ್ದ, ಬೋರ್ಡಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದ. ಮುಚ್ಚಳದ ಮೇಲಿನ ನಕ್ಷತ್ರಗಳೆಲ್ಲ ಮನೆಯಲ್ಲಿ, ಒಲೆಯ ಪಕ್ಕದಲ್ಲಿ, ಅಮ್ಮನ ಕೈಯಿಂದ ಬರುತ್ತಿದ್ದವು. ತುಟಿಗೆ ತಾಗಿಸುವುದು ಅಮ್ಮನದು. ಊದುವುದು ಅಮ್ಮನದು. ಪ್ರಶ್ನೆ ಕೇಳಬೇಡ, ನಾನು ಮಾಡಿದ ಹಾಗೆ ಮಾಡು ಎನ್ನುವುದೂ ಅಮ್ಮನ ಮಾತೇ. ಬೆರಳು ಹೋದ ಮೇಲೆ, ಇನ್ನು ನನ್ನಿಂದ ಆಗಲ್ಲ ಎಂದು ಅತ್ತ ಮಗಳ ಪಕ್ಕ ಕೂತು, ಉಂಗುರಬೆರಳಿನಲ್ಲಿ ಎತ್ತುವುದನ್ನು ಮೊದಲು ತಾನು ಕಲಿತು ಆಮೇಲೆ ಅವಳಿಗೆ ಕಲಿಸಿದ್ದೂ ಅಮ್ಮನೇ. ಅಮ್ಮ ಸತ್ತಾಗ ಅಂಗುಸ್ತಿಯಾಸಳಿಗೆ ಹತ್ತೊಂಬತ್ತು. ಯಾರಿಂದ ಕಲಿತೆ ಎಂದು ಮೊದಲ ಸಲ ಒಬ್ಬ ಮೇಸ್ತ್ರಿ ಕೇಳಿದಾಗ, ಅಪ್ಪನಿಂದ ಎಂದಿದ್ದಳು. ಅಪ್ಪನ ಹೆಸರಿಗೆ ಬೆಲೆಯಿತ್ತು, ಕೆಲಸ ಸಿಗುತ್ತಿತ್ತು. ಆಮೇಲೆ ಅದೇ ಬಾಯಿಗೆ ಬಂತು. ಒಬ್ಬರೂ ಅವಳನ್ನು ಬಲವಂತ ಮಾಡಿರಲಿಲ್ಲ.

ಐದು ಗಂಡಸರಿಗೆ ಈಗಷ್ಟೇ ಮಂಗಳಾರತಿ ಎತ್ತಿದ ಹೆಂಗಸಿನ ಮುಖ ನಾಚಿಕೆಯಿಂದ ಕೆಂಪೇರಿತು. ಇವರೆಲ್ಲ ಸೇರಿ ತನಗೆ ಮಾಡಿದ್ದನ್ನು ತಾನೊಬ್ಬಳೇ ಅಮ್ಮನಿಗೆ ಮಾಡಿದ್ದಳು, ಅದೂ ಇವರೆಲ್ಲರಿಗಿಂತ ಹೆಚ್ಚು ಕಾಲ.

'ಸೆ' ಎಂಬುದರ ಮೇಲೆ ಗೀಟು ಎಳೆದು, ವಿಸಿತಾಸಿಯೊನ್ ರೊಬ್ಲೆಸ್, ತಾಯಿ ಎಂದು ಬರೆದಳು. ಸತುರ್ನಿನೊ ಓದಿ, "ಈ ಹೆಸರು ನಾನು ಎಲ್ಲೂ ಕೇಳಿಲ್ಲ" ಎಂದರು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಅಂಗುಸ್ತಿಯಾಸ್ ಸಹಿ ಹಾಕಿ ಪೆನ್ನು ಹಿಂದಿರುಗಿಸಿದಳು.

ಮನೆಗೆ ಇಳಿಯುವಾಗ ಸಗ್ರಾರಿಯೊ ದಾರಿಯುದ್ದಕ್ಕೂ ಎವಾರಿಸ್ತೊನ ಮೀಸೆ, ಪೆದ್ರೊಸಾ ಸೋದರರ ಒಗ್ಗಟ್ಟು ಎಲ್ಲವನ್ನೂ ನಟಿಸಿ ತೋರಿಸಿ ತಾನೇ ನಗುತ್ತಿದ್ದಳು. ಜೊತೆಯವಳು ನಗುತ್ತಿಲ್ಲ ಎಂದು ಗೊತ್ತಾದದ್ದು ಮನೆಯ ಹತ್ತಿರ ಬಂದಾಗ.

"ಅಲ್ಲ ಕಣೇ, ಅಮ್ಮ ಅಂತ ಬರೆದ್ಯಂತೆ? ನಿಮ್ಮಮ್ಮ ಈ ಕೆಲ್ಸ ಮಾಡ್ತಿದ್ರಾ? ಮೂವತ್ತು ವರ್ಷದಿಂದ ಪಕ್ಕದಲ್ಲೇ ಇದ್ದೀನಿ, ನನಗೊಂದು ದಿನಾನೂ ಗೊತ್ತೇ ಆಗ್ಲಿಲ್ವಲ್ಲೇ!"

"ನಾನು ಹೇಳಿದ್ರೆ ತಾನೇ ನಿನಗೆ ಗೊತ್ತಾಗೋದು" ಎಂದಳು ಅಂಗುಸ್ತಿಯಾಸ್.